ಹುತ್ತರಿ, ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಾಡುವ ವೀಗನ್ ಉಡುಗೊರೆ: ಮೇಣ, ಅಂಟು, ಪಾಲಿಶ್ ನೋಡಿಕೊಳ್ಳಿ

ತೋಟದಂಚು · ಸುಂಟಿಕೊಪ್ಪ

ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿಯಿತು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೋ ಕ್ರಿಸ್‌ಮಸ್‌ಗೋ ಕೈಯಾರೆ ಮಾಡಿದ್ದು ಕೊಡಬೇಕು ಅನ್ನುವವರು ಈಗಲೇ ಕೈ ಹಚ್ಚಬೇಕು. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಸೋಪು ಮಾಗುವುದಿಲ್ಲ, ಮರ ಒಣಗುವುದಿಲ್ಲ.

ಈ ಚರ್ಚೆಯ ಎಳೆಯಲ್ಲಿ ಒಂದೇ ಕಟ್ಟುಪಾಡು: ಹಾಕಿದ್ದೆಲ್ಲ ವೀಗನ್ ಆಗಿರಬೇಕು, ಅಂದರೆ ಪ್ರಾಣಿಯಿಂದಲೋ ಕೀಟದಿಂದಲೋ ಬಂದದ್ದು ಏನೂ ಇರಬಾರದು. ಕೊಡಗಿನಿಂದ ಉಡುಗೊರೆ ಅಂದರೆ ಜೇನಿನ ಬಾಟ್ಲಿ ಅನ್ನುವ ರೂಢಿ ಇದೆಯಲ್ಲ, ಅದನ್ನು ಬಿಡುವುದು ಸುಲಭ. ಕಷ್ಟ ಇರುವುದು ಕಣ್ಣಿಗೆ ಬೀಳದ ಕಡೆ. ತುಟಿ ಮುಲಾಮು, ಮರದ ಪಾಲಿಶ್, ಪುಸ್ತಕ ಹೊಲಿಯುವ ದಾರ ಮೂರರಲ್ಲೂ ಜೇನುಮೇಣ ಇರುತ್ತದೆ. ಫ್ರೆಂಚ್ ಪಾಲಿಶ್ ಅಂದರೆ ಅರಗು, ಅದು ಕೀಟದ್ದು. ಹಳೆ ಬಡಗಿಗಳು ಬಳಸುವ ಸರೇಸು ಮೂಳೆ-ಚರ್ಮ ಬೇಯಿಸಿದ್ದು. ಕೆಂಪು ಬಣ್ಣಕ್ಕೆ ಕಾರ್ಮೈನ್, ಅದೂ ಕೀಟವೇ. ಮೇಣದಬತ್ತಿ ಗಟ್ಟಿಯಾಗಲು ಹಾಕುವ ಸ್ಟಿಯರಿಕ್ ಆಮ್ಲ ತಾಳೆಯಿಂದಲೂ ಬರುತ್ತದೆ, ಪ್ರಾಣಿಕೊಬ್ಬಿನಿಂದಲೂ ಬರುತ್ತದೆ. ಗ್ಲಿಸರಿನ್ ಕಥೆಯೂ ಅದೇ: ‘ವೆಜಿಟೇಬಲ್’ ಅಂತ ಬರೆದಿದ್ದರೆ ಮಾತ್ರ ತೊಗೊಳ್ಳಿ. ಅಲಂಕಾರದ ರೇಷ್ಮೆ ದಾರ, ಉಣ್ಣೆಯ ಫೆಲ್ಟ್, ಗರಿ ಇವು ಕಣ್ಣಿಗೆ ಕಾಣುವಂಥವು, ತಾವಾಗಿಯೇ ಬಿಟ್ಟುಹೋಗುತ್ತವೆ.

ಬಿಳಿ ಫೆವಿಕಾಲ್ ಥರದ ಅಂಟು ಸಿಂಥೆಟಿಕ್, ಅಡ್ಡಿಯಿಲ್ಲ. ಕಾಗದದ ಕೆಲಸಕ್ಕೆ ಮೈದಾ ಅಂಟು ಇನ್ನೂ ಚೆಂದ: ಒಂದು ಪಾಲು ಮೈದಾ, ಐದು ಪಾಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಾಜಿನಂತೆ ಆದಾಗ ಇಳಿಸಿ. ಬೈಂಡಿಂಗ್‌ನವರು ಹುಳ ಬಾರದಿರಲೆಂದು ಮೈಲುತುತ್ತ ಹಾಕುತ್ತಾರೆ, ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದು ಉಳಿದದ್ದು ಇಲ್ಲಿ ಎಲ್ಲರ ಶೆಡ್‌ನಲ್ಲೂ ಇರುತ್ತದೆ. ಆದರೆ ಅದು ವಿಷ, ಮಕ್ಕಳ ಕೈಗೆ ಹೋಗುವ ವಸ್ತುವಿಗೆ ಬೇಡ. ಒಂದು ಬಟ್ಟಲು ಅಂಟಿಗೆ ನಾಲ್ಕು ಹನಿ ಲವಂಗದ ಎಣ್ಣೆ ಸಾಕು, ಒಂದು ವಾರ ಕೆಡುವುದಿಲ್ಲ.

ಸೋಪು, ಮೇಣ, ಮರ, ಬಟ್ಟೆ ಗೊತ್ತಿರುವವರು ಅಳತೆ ಸಮೇತ ಬರೆಯಿರಿ. ‘ಸ್ವಲ್ಪ ಹಾಕಿ’, ‘ಹದ ನೋಡಿ’ ಅಂತ ಬರೆಯುವವರಿಗೆ ಕುಡಿಯಲು ಕಾಪಿ ಇಲ್ಲ.

ಸೋಪಿನಪಾಕ · ವಿರಾಜಪೇಟೆ

ಕೊಬ್ಬರಿ ಎಣ್ಣೆಯೊಂದರಲ್ಲೇ ಮಾಡುವ ಕಾಫಿ ಸೋಪು ಬರೆಯುತ್ತೇನೆ. ಮೊದಲ ಸಲ ಮಾಡುವವರಿಗೆ ಇದೇ ಸರಿ: ಒಂದೇ ಎಣ್ಣೆ, ಲೆಕ್ಕ ತಪ್ಪುವುದಿಲ್ಲ.

ಕೊಬ್ಬರಿ ಎಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 73 ಗ್ರಾಂ, ನೀರು 180 ಗ್ರಾಂ. ಕಾಫಿ ಸೋಸಿ ಉಳಿದ ಗಸಿಯನ್ನು ಪೂರ್ತಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ್ದು ಒಂದು ಟೇಬಲ್ ಚಮಚ. ಇಷ್ಟರಲ್ಲಿ 90 ಗ್ರಾಂನ ಎಂಟು ಸೋಪು ಬರುತ್ತವೆ, ಮಾಗಿದ ಮೇಲೆ ಒಂದೊಂದು 80ರ ಆಸುಪಾಸು ತೂಗುತ್ತದೆ.

73 ಯಾಕೆ? ಒಂದು ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 0.183 ಗ್ರಾಂ ಸೋಡಾ ಬೇಕು. 500 ಗ್ರಾಂಗೆ 91.5. ಅಷ್ಟೂ ಹಾಕಿದರೆ ಸೋಪು ಚರ್ಮವನ್ನು ಒಣಗಿಸಿ ಬಿರಿಸುತ್ತದೆ, ಕೊಬ್ಬರಿ ಎಣ್ಣೆಯ ಗುಣವೇ ಅದು. ಅದಕ್ಕೇ ನೂರಕ್ಕೆ 20 ಪಾಲು ಸೋಡಾ ಕಡಿಮೆ ಮಾಡಿ, ಅಷ್ಟು ಎಣ್ಣೆಯನ್ನು ಸೋಪಿನೊಳಗೆ ಹಾಗೇ ಉಳಿಸುವುದು. ಬೇರೆ ಎಣ್ಣೆಗೆ ಈ ಅಂಕಿ ಬೇರೆ. ‘ಮನೇಲಿ ಸೂರ್ಯಕಾಂತಿ ಇದೆ, ಅದನ್ನೇ ಹಾಕ್ತೀನಿ’ ಅಂದರೆ ಲೆಕ್ಕ ಪೂರ್ತಿ ತಲೆಕೆಳಗು.

ಕಾಸ್ಟಿಕ್ ಸೋಡಾ ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ ಅಲ್ಲ. ತೂಕಕ್ಕೆ ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು, ಚಮಚದ ಅಳತೆ ನಡೆಯದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ಪಾತ್ರೆ ಸ್ಟೀಲಿನದ್ದೋ ದಪ್ಪ ಪ್ಲಾಸ್ಟಿಕ್‌ನದ್ದೋ ಇರಲಿ. ಅಲ್ಯೂಮಿನಿಯಂ ಮುಟ್ಟಲೇಬಾರದು: ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ, ಪಾತ್ರೆ ಕಪ್ಪಾಗಿ ನೊರೆ ಉಕ್ಕುತ್ತದೆ. ಯಾವಾಗಲೂ ನೀರಿಗೆ ಸೋಡಾ ಹಾಕಿ. ಸೋಡಾದ ಮೇಲೆ ನೀರು ಹೊಯ್ದರೆ ಚಿಮ್ಮಿ ಮುಖಕ್ಕೆ ಬರುತ್ತದೆ. ಮೈಮೇಲೆ ಬಿದ್ದರೆ ಹರಿಯುವ ತಣ್ಣೀರಲ್ಲಿ ಹದಿನೈದು ನಿಮಿಷ ತೊಳೆಯಿರಿ, ವಿನೆಗರ್ ಸುರಿಯಬೇಡಿ.

ಇನ್ನು ನಮ್ಮೂರ ಚಳಿ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಗಟ್ಟಿಯಾಗುತ್ತದೆ. ನವೆಂಬರ್ ಬೆಳಿಗ್ಗೆ ಅಡುಗೆಮನೆಯೇ ಅದಕ್ಕಿಂತ ತಣ್ಣಗಿರುತ್ತದೆ. ಎಣ್ಣೆಯನ್ನೂ ಸೋಡಾ ನೀರನ್ನೂ 38–40 ಡಿಗ್ರಿಗೆ ತಂದು ಸೇರಿಸಿ. ಅದಕ್ಕಿಂತ ತಣ್ಣಗೆ ಸೇರಿಸಿದರೆ ಎಣ್ಣೆ ಹೆಪ್ಪುಗಟ್ಟಿ ಪಾಕ ದಪ್ಪಗಾದಂತೆ ಕಾಣುತ್ತದೆ, ಸೋಪಾಯಿತು ಅಂದುಕೊಂಡು ಅಚ್ಚಿಗೆ ಹೊಯ್ಯುತ್ತೀರಿ. ರಾತ್ರಿಯಾಗುವಷ್ಟರಲ್ಲಿ ಕೆಳಗೆ ಸೋಡಾ ನೀರು, ಮೇಲೆ ಎಣ್ಣೆ. ಸುಳ್ಳು ಹದ ಅನ್ನುವುದು ಇದನ್ನೇ. ಕಡೆಯುವ ಮಿಷನ್‌ನಲ್ಲಿ ಒಂದೆರಡು ನಿಮಿಷ ಬಿಟ್ಟು ಬಿಟ್ಟು ತಿರುಗಿಸಿ. ಚಮಚ ಎತ್ತಿ ಬಿಟ್ಟ ಗೆರೆ ದೋಸೆ ಹಿಟ್ಟಿನ ಮೇಲಿನ ಗೆರೆಯಂತೆ ಕ್ಷಣಹೊತ್ತು ನಿಂತು ಮುಳುಗಿದರೆ ಹದ ಬಂತು. ಕಾಫಿ ಗಸಿಯ ಪುಡಿ ಹಾಕುವುದು ಆಗ. ಒಂದು ಟೇಬಲ್ ಚಮಚಕ್ಕಿಂತ ಜಾಸ್ತಿ ಹಾಕಿದರೆ ಮೈ ತರಚುತ್ತದೆ, ಬಚ್ಚಲ ಜಾಲರಿಯೂ ಕಟ್ಟಿಕೊಳ್ಳುತ್ತದೆ.

ವಾಸನೆಗೆ ಮಜ್ಜಿಗೆ ಹುಲ್ಲಿನ ಎಣ್ಣೆ 10 ಗ್ರಾಂ ಸಾಕು. ಲವಂಗದೆಣ್ಣೆ ಹಾಕಿದರೆ ಪಾಕ ಕ್ಷಣದಲ್ಲಿ ಕಲ್ಲಾಗುತ್ತದೆ, ಮೊದಲ ಸಲದವರಿಗೆ ಅದು ಬೇಡ.

ಕತ್ತರಿಸುವ ಹೊತ್ತು ತಪ್ಪಿಸಬೇಡಿ. ಬೇರೆ ಸೋಪಿಗೆ ಒಂದು ದಿನ ಕಾಯಬಹುದು, ಇದಕ್ಕೆ ಆಗದು. ನಾಲ್ಕು ಗಂಟೆಯಿಂದಲೇ ಬೆರಳಲ್ಲಿ ಒತ್ತಿ ನೋಡುತ್ತಿರಿ. ಬೆಣ್ಣೆ ಕಟ್ಟಿಯಷ್ಟು ಗಟ್ಟಿ ಬಂದ ಕೂಡಲೇ ಗವಸು ಹಾಕಿಕೊಂಡೇ ಕತ್ತರಿಸಿ. ರಾತ್ರಿ ಬಿಟ್ಟು ಬೆಳಿಗ್ಗೆ ಚಾಕು ಇಟ್ಟರೆ ಚೂರು ಚೂರು.

ಹೊಸಬಳು · ಗೋಣಿಕೊಪ್ಪ

ಅಕ್ಕ, ನೀವು ಬೆಣ್ಣೆ ಅಂದಿರಿ, ಅದಕ್ಕೆ ಕೇಳ್ತಿದ್ದೇನೆ. ಅಚ್ಚಿನೊಳಗೆ ಹಾಸಲು ಬಟರ್ ಪೇಪರ್ ಹಾಕಬಹುದಾ? ಅದರಲ್ಲಿ ಬೆಣ್ಣೆ ಇರುತ್ತಾ? ಮತ್ತೆ ಎಷ್ಟು ದಿನ ಮಾಗಿಸಬೇಕು? ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತಾ?

ಸೋಪಿನಪಾಕ · ವಿರಾಜಪೇಟೆ

ಬಟರ್ ಪೇಪರ್ ಹೆಸರಿಗಷ್ಟೇ ಬೆಣ್ಣೆ, ಧಾರಾಳವಾಗಿ ಹಾಸಿ. ಒಳಗೆ ಅಲ್ಯೂಮಿನಿಯಂ ಪದರ ಇರುವ ಜ್ಯೂಸ್ ಡಬ್ಬಿಯನ್ನು ಮಾತ್ರ ಬರಿದಾಗಿ ಅಚ್ಚು ಮಾಡಬೇಡಿ, ಮೊದಲೇ ಹೇಳಿದೆನಲ್ಲ.

ಮಾಗಲು ನಾಲ್ಕರಿಂದ ಆರು ವಾರ. ಕ್ರಿಸ್‌ಮಸ್‌ಗೆ ಕೊಡಬೇಕಾದರೆ ನವೆಂಬರ್ 10ರೊಳಗೆ ಪಾಕ ಆಗಿರಬೇಕು. ಹುತ್ತರಿ ಹುಣ್ಣಿಮೆ ನವೆಂಬರ್ ಕೊನೆಗೆ ಬಿದ್ದರೆ ಸೋಪಿನ ಆಸೆ ಬಿಟ್ಟು ಬೇರೆ ನೋಡಿ. ಅಟ್ಟ ಬೇಡ: ಹೊಗೆ ವಾಸನೆ ಸೋಪಿಗೆ ಹತ್ತಿದರೆ ಹೋಗುವುದಿಲ್ಲ, ಬೂದಿಯೂ ಕೂರುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಬಿದಿರಿನ ತಟ್ಟೆಯ ಮೇಲೆ ಎರಡು ಬೆರಳು ಅಂತರ ಬಿಟ್ಟು ನಿಲ್ಲಿಸಿ, ವಾರಕ್ಕೊಮ್ಮೆ ಮಗ್ಗುಲು ತಿರುಗಿಸಿ. ಮೇಲೆ ಬಿಳಿ ಪುಡಿ ಬಂದರೆ ಅದು ಗಾಳಿ ತಾಗಿ ಆದ ಸೋಡಾ ಬೂದಿ, ಬೂಷ್ಟಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಮಳೆ ದಿನ ಸೋಪಿನ ಮೈಮೇಲೆ ಹನಿ ಹನಿ ಬೆವರು ಕೂತರೆ ಅದು ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ನೀರು ಹೀರಿದ್ದು. ಕೆಟ್ಟಿಲ್ಲ. ಆದರೆ ಆ ಸ್ಥಿತಿಯಲ್ಲಿ ಕಾಗದ ಸುತ್ತಬೇಡಿ, ಅಂಟಿಕೊಳ್ಳುತ್ತದೆ.

ಮಂಜಿನೂರು · ಮಡಿಕೇರಿ

ಮೇಣದಬತ್ತಿ. ಸೋಯಾ ಮೇಣ 150 ಗ್ರಾಂ, 200 ಮಿ.ಲೀ. ಹಿಡಿಯುವ ದಪ್ಪ ಗಾಜಿನ ಲೋಟ, ಹತ್ತಿ ಬತ್ತಿ, ಸುಗಂಧದ ಎಣ್ಣೆ 10 ಗ್ರಾಂ. ಬತ್ತಿಗೆ ಮೊದಲೇ ಮೇಣ ಹಚ್ಚಿರುತ್ತಾರೆ, ಅದು ಜೇನುಮೇಣವೋ ಅಲ್ಲವೋ ಕೇಳಿ ತೊಗೊಳ್ಳಿ. ಗೊತ್ತಾಗದಿದ್ದರೆ ಹಸಿ ಹತ್ತಿ ಬತ್ತಿ ತಂದು, ಕರಗಿದ ಸೋಯಾ ಮೇಣದಲ್ಲೇ ಅದ್ದಿ ನೇರ ಎಳೆದು ಒಣಗಿಸಿ.

ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಿ, ನೇರ ಉರಿಗೆ ಇಡಬೇಡಿ. 80–85 ಡಿಗ್ರಿಗೆ ಬಂದಾಗ ಇಳಿಸಿ, ಎಣ್ಣೆ ಹಾಕಿ ಎರಡು ನಿಮಿಷ ನಿಧಾನಕ್ಕೆ ಕಲಕಿ. ಅವಸರ ಮಾಡಿದರೆ ಎಣ್ಣೆ ತಳದಲ್ಲಿ ಕೂತು, ಬತ್ತಿ ಕೊನೆ ಮುಟ್ಟಿದಾಗ ಭಗ್ಗನೆ ಹೊತ್ತುತ್ತದೆ. 55–60 ಡಿಗ್ರಿಗೆ ಇಳಿದ ಮೇಲೆ ಲೋಟಕ್ಕೆ ಹೊಯ್ಯಿರಿ.

ಮಡಿಕೇರಿಯಲ್ಲಿ ಎಲ್ಲರ ಕೈ ಕೆಡುವುದು ಇದರ ನಂತರ. ತಣ್ಣನೆ ಲೋಟಕ್ಕೆ ಹೊಯ್ದರೆ ಗಾಜಿನ ಪಕ್ಕದ ಮೇಣ ತಕ್ಷಣ ಹೆಪ್ಪಾಗಿ ಒಳಗಿನದು ಆಮೇಲೆ ಕುಗ್ಗುತ್ತದೆ. ಬತ್ತಿ ಸುತ್ತ ಗುಂಡಿ, ಗಾಜಿನ ಮೇಲೆ ಒದ್ದೆ ಕಲೆಯಂಥ ಮಚ್ಚೆ. ಲೋಟವನ್ನು ಬಿಸಿನೀರಲ್ಲಿಟ್ಟು, ಚೆನ್ನಾಗಿ ಒರೆಸಿ, ಕೈಗೆ ಹದ ಬಿಸಿ ಅನ್ನಿಸುವಾಗ ಹೊಯ್ಯಿರಿ. ಹೊಯ್ದ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ ರಾತ್ರಿ ಬಿಡಿ. ಮೇಲ್ಮೈಯಲ್ಲಿ ಹಿಮ ಕೂತಂತೆ ಬಿಳಿ ಹರಳು ಬಂದರೆ ಅದು ಸೋಯಾದ ಸ್ವಭಾವ. ಬಣ್ಣ ಹಾಕದ ಬತ್ತಿಯಲ್ಲಿ ಕಾಣುವುದೂ ಇಲ್ಲ. ಹಾಗಾಗಿ ಬಣ್ಣ ಹಾಕಬೇಡಿ ಅನ್ನುವುದೇ ನನ್ನ ಮಾತು.

ಕೊಡುವ ಮೊದಲು ಒಂದೆರಡು ವಾರ ಹಾಗೇ ಇಡಿ, ವಾಸನೆ ಹಿಡಿಯುತ್ತದೆ. ಜೊತೆಗೆ ಒಂದು ಚೀಟಿ: ಬತ್ತಿ 6 ಮಿ.ಮೀ.ಗೆ ಕತ್ತರಿಸಿ ಹಚ್ಚಿ, ಮೊದಲ ಸಲ ಮೇಣ ಅಂಚಿನವರೆಗೂ ಕರಗುವ ತನಕ ಆರಿಸಬೇಡಿ. ಬೇಗ ಆರಿಸಿದರೆ ಮುಂದೆ ಪ್ರತಿ ಸಲವೂ ನಡುವೆ ಬಾವಿ ತೋಡಿಕೊಂಡೇ ಉರಿಯುತ್ತದೆ.

ಒಂದು ಕಡ್ಡಾಯ ಮಾತು. ಮೇಣದ ಮೇಲೆ ಹುರಿದ ಕಾಫಿ ಬೀಜ ಉದುರಿಸಿದ ಚಿತ್ರಗಳು ಎಲ್ಲೆಲ್ಲೂ ಓಡಾಡುತ್ತಿವೆ. ಮಾಡಬೇಡಿ. ಮೇಣ ಕರಗಿದಾಗ ಬೀಜ ತೇಲಿ ಬತ್ತಿಯ ಹತ್ತಿರ ಬರುತ್ತದೆ, ಮೇಣ ಹೀರಿ ತಾನೇ ಇನ್ನೊಂದು ಬತ್ತಿಯಾಗುತ್ತದೆ. ಎರಡು ಮೂರು ಜ್ವಾಲೆ ಒಟ್ಟಾದರೆ ಲೋಟ ಒಡೆಯುತ್ತದೆ. ಕಾಫಿ ಬೀಜ ಬೇಕೇ ಬೇಕೆಂದರೆ ಲೋಟದ ಹೊರಗೆ, ಕಟ್ಟುವ ದಾರಕ್ಕೆ.

ತೋಟದಂಚು · ಸುಂಟಿಕೊಪ್ಪ

ತೆಂಗಿನ ಕರಟದಲ್ಲಿ ಮೇಣ ಹೊಯ್ಯುವುದರ ಬಗ್ಗೆ?

ಮಂಜಿನೂರು · ಮಡಿಕೇರಿ

ನೋಡಲು ಚೆಂದ, ಉರಿಸಲು ಅಪಾಯ. ಕರಟದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಿಸಿ ಮೇಣ ಸೋರುತ್ತದೆ, ಮೇಲಾಗಿ ಕರಟವೇ ಒಳ್ಳೆ ಸೌದೆ. ನೀರು ತುಂಬಿ ರಾತ್ರಿಯಿಟ್ಟು ಸೋರದ್ದನ್ನು ಆರಿಸಿದರೂ ಬೆಂಕಿಯ ಭಯ ಹೋಗದು. ಕರಟವನ್ನು ಉಪ್ಪಿನ ಬಟ್ಟಲು, ಸೋಪಿನ ತಟ್ಟೆ ಮಾಡಿ.

ಉಳಿಸುತ್ತಿಗೆ · ಸೋಮವಾರಪೇಟೆ

ಕಾಫಿ ಗಿಡದ ಕಾಂಡದಿಂದ ಲೋಟ ಇಡುವ ಬಿಲ್ಲೆ. ಕಾಫಿ ಮರ ಗಟ್ಟಿ, ನುಣುಪು, ಬಣ್ಣ ತಿಳಿ. ಆದರೆ ಈಗ ಕಡಿದ ಹಸಿ ಕಾಂಡ ಈ ವರ್ಷಕ್ಕೆ ದಕ್ಕುವುದಿಲ್ಲ. ಹಸಿಯಲ್ಲಿ ಬಿಲ್ಲೆ ಕೊಯ್ದರೆ ವಾರದಲ್ಲಿ ಅಂಚಿನಿಂದ ನಡುವಿಗೆ ಸೀಳು ಬರುತ್ತದೆ: ಮರ ಒಣಗುವಾಗ ಸುತ್ತಳತೆಯ ಕಡೆ ಕುಗ್ಗುವುದು ನಡುವಿನ ಕಡೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಹೋದ ವರ್ಷ ಕಿತ್ತು ಸೌದೆ ಕೊಟ್ಟಿಗೆಗೆ ಹಾಕಿದ ಹಳೇ ರೋಬಸ್ಟಾ ಕಾಂಡ ಹುಡುಕಿ. 8–9 ಸೆಂ.ಮೀ. ಅಡ್ಡಳತೆ ಸಿಕ್ಕರೆ ಪುಣ್ಯ. ಈ ಬಾರಿ ಕಡಿದದ್ದನ್ನು ಒಂದಡಿ ತುಂಡು ಮಾಡಿ, ಎರಡೂ ತುದಿಗೆ ಬಿಳಿ ಅಂಟು ದಪ್ಪಗೆ ಬಳಿದು, ನೆರಳಲ್ಲಿಟ್ಟು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಬಿಲ್ಲೆ 10 ಮಿ.ಮೀ. ದಪ್ಪ. ಸ್ವಲ್ಪ ಓರೆಯಾಗಿ ಕೊಯ್ದರೆ ಸೀಳುವುದು ಕಡಿಮೆ, ಮೊಟ್ಟೆಯಾಕಾರವೂ ಚೆಂದ. ಸ್ಯಾಂಡ್‌ಪೇಪರ್ 80, 120, 220, ಈ ಕ್ರಮದಲ್ಲೇ. 80ರ ಗೀರು ಪೂರ್ತಿ ಹೋಗದೆ 120ಕ್ಕೆ ಹಾರಿದರೆ ಎಣ್ಣೆ ಹಚ್ಚಿದ ಮೇಲೆ ಎಲ್ಲ ಗೀರೂ ಎದ್ದು ಕಾಣುತ್ತದೆ.

ಪಾಲಿಶ್‌ಗೆ ಅರಗೂ ಇಲ್ಲ, ಜೇನುಮೇಣವೂ ಇಲ್ಲ. ಅಂಗಡಿಯ ‘ಬಾಯಿಲ್ಡ್’ ಅಗಸೆ ಎಣ್ಣೆ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಹದಿನೈದು ನಿಮಿಷಕ್ಕೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಒಣಹವೆಯಲ್ಲಿ ಒಂದು ದಿನ ಸಾಕು, ನಮ್ಮಲ್ಲಿ ಮೂರು ದಿನ ಬಿಟ್ಟು ಎರಡನೇ ಕೈ. ಒರೆಸದೆ ಬಿಟ್ಟರೆ ತಿಂಗಳಾದರೂ ಅಂಟಂಟು. ಕಾಯಿಸದ ಹಸಿ ಎಣ್ಣೆಯಾದರೆ ಒಣಗಲು ವಾರಗಟ್ಟಲೆ. ಬಾಯಿಲ್ಡ್ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಹಾಗಾಗಿ ಲೋಟದ ಕೆಳಗೆ ಸರಿ, ತಿಂಡಿ ತಟ್ಟೆಗೆ ಬೇಡ.

ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಉಂಡೆಯೊಳಗೆ ಬಿಸಿ ಹೊರಹೋಗದೆ ಬಟ್ಟೆ ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಹಾಕಿ, ಆಮೇಲೆ ಬಿಸಾಡಿ.

ಇನ್ನೊಂದು. ಅರೇಬಿಕಾ ಕಾಂಡ ತರುವವರು ಕಾಂಡ ಕೊರಕ ನೋಡಿಕೊಳ್ಳಿ. ಸಿಪ್ಪೆ ಎಬ್ಬಿಸಿದರೆ ಒತ್ತಾಗಿ ತುಂಬಿದ ಮರದ ಪುಡಿಯ ದಾರಿ ಕಾಣುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿ ಹೊರಬರುವ ಕಾಲ. ಅಂಥ ಕಾಂಡವನ್ನು ಉಡುಗೊರೆ ಅಂತ ಇನ್ನೊಂದು ತೋಟದ ಮನೆಗೆ ಒಯ್ದು ಕೊಟ್ಟರೆ ಕೊಟ್ಟದ್ದು ಬಿಲ್ಲೆಯಲ್ಲ, ರೋಗ. ಆ ಕೊರೆದ ಚಿತ್ತಾರ ಚೆಂದ ಅಂತ ಕಾಂಡ ಕುದಿಸುವವರೂ ಇದ್ದಾರೆ. ಒಳಗಿನ ಹುಳ ಬೇಯಿಸಿ ಹೊರಗೆ ‘ವೀಗನ್’ ಚೀಟಿ ಅಂಟಿಸುವುದು ಹೇಗೆಂದು ಅವರೇ ಹೇಳಬೇಕು.

ಬಣ್ಣದಬಾನಿ · ಕುಶಾಲನಗರ

ಬಣ್ಣದ ಹತ್ತಿ ಬಟ್ಟೆ, ಉಡುಗೊರೆ ಸುತ್ತಲೂ ಆಗುತ್ತದೆ, ಅದೇ ಉಡುಗೊರೆಯೂ ಆಗುತ್ತದೆ. ರೇಷ್ಮೆ, ಉಣ್ಣೆ ಬಣ್ಣವನ್ನು ಸುಲಭವಾಗಿ ಹಿಡಿಯುತ್ತವೆ, ಹತ್ತಿ ಹಾಗಲ್ಲ. ಅದಕ್ಕೆ ಒಗರು (ಅಳಲೆಕಾಯಿಯಂಥದ್ದು) ಮತ್ತು ಪಟಿಕ ಎರಡೂ ಬೇಕು. ಬರಿ ಅರಿಸಿನದಲ್ಲಿ ಅದ್ದಿ ಕೊಟ್ಟರೆ ಮೂರು ಬಿಸಿಲಿಗೆ ಬಿಳಿ.

100 ಗ್ರಾಂ ಒಣ ಬಟ್ಟೆಯ ಲೆಕ್ಕ. ಮೊದಲು ಲೀಟರ್ ನೀರಿಗೆ 2 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ ಗಂಜಿ, ಮೇಣ ಎಲ್ಲ ತೆಗೆಯಿರಿ. ನೀರು ಹಳದಿಯಾಗಿ ಬಂದರೆ ಕೆಲಸ ಆಗಿದೆ ಎಂದರ್ಥ. ಅಳಲೆಕಾಯಿ ಪುಡಿ 20 ಗ್ರಾಂ, ಮೂರು ಲೀಟರ್ ಬಿಸಿನೀರು, ರಾತ್ರಿಯಿಡೀ ನೆನೆಸಿ, ಹಿಂಡಿ, ತೊಳೆಯದೆ ನೆರಳಲ್ಲಿ ಒಣಗಿಸಿ. ಮರುದಿನ ಪಟಿಕ 15 ಗ್ರಾಂ ಮೂರು ಲೀಟರ್ ಬಿಸಿನೀರಲ್ಲಿ ಕರಗಿಸಿ ಮತ್ತೆ ರಾತ್ರಿಯಿಡೀ. ಆಮೇಲೆ ಬಣ್ಣ: ಚೆಂಡು ಹೂವಿನ ಎಸಳು 200 ಗ್ರಾಂ, ಮುಕ್ಕಾಲು ಗಂಟೆ ಕುದಿಸಿ ಸೋಸಿದ ನೀರಿಗೆ ಬಟ್ಟೆ ಹಾಕಿ, ಕುದಿ ಬಾರದ ಬಿಸಿಯಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ಬಟ್ಟೆ ಮುದ್ದೆಯಾಗದಂತೆ ತಿರುವುತ್ತಿರಿ, ಮಡಿಕೆ ಬಿದ್ದಲ್ಲಿ ಪಟ್ಟೆ ನಿಲ್ಲುತ್ತದೆ. ದಸರಾ, ದೀಪಾವಳಿಯ ಬಾಡಿದ ಹಾರ ಇದಕ್ಕೆ ಧಾರಾಳ ಸಾಕು.

ಕಂದು ಬೇಕಾದರೆ ಅಡಿಕೆ ಚೊಗರು. ಬೂದುಬಣ್ಣ ಬೇಕಾದರೆ ಅಳಲೆ ಹಿಡಿದ ಬಟ್ಟೆಯನ್ನು 1 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿದ ನೀರಲ್ಲಿ ಐದು ನಿಮಿಷ ಆಡಿಸಿ, ಕಣ್ಣೆದುರೇ ಕಪ್ಪಡರುತ್ತದೆ. ‘ಇನ್ನೂ ಗಾಢ ಬರಲಿ’ ಅಂತ ಐದು ಗ್ರಾಂ ಹಾಕಬೇಡಿ: ಕಬ್ಬಿಣ ಜಾಸ್ತಿಯಾದರೆ ಎಳೆ ಸತ್ತು, ವರ್ಷದೊಳಗೆ ಬಟ್ಟೆ ಹಪ್ಪಳದಂತೆ ಹರಿಯುತ್ತದೆ. ಕೆಂಪಿಗೆ ಅರಗಿನ ಬಣ್ಣ ಬೇಡ, ಮಂಜಿಷ್ಠದ ಬೇರು ಇದೆ. ಬೋರ್‌ವೆಲ್ ನೀರಲ್ಲಿ ಕಬ್ಬಿಣವಿದ್ದರೆ ಹಳದಿ ಮಂಕಾಗಿ ಪಾಚಿಬಣ್ಣ ಬರುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಕೊಡಗಿನಲ್ಲಿ ಅದಕ್ಕೇನು ಬರ!

ಹೊಸಬಳು · ಗೋಣಿಕೊಪ್ಪ

ಇದೆಲ್ಲ ದೊಡ್ಡ ಕೆಲಸ ಆಯ್ತಲ್ಲ. ಒಂದು ಸಂಜೆಯಲ್ಲಿ ಆಗುವಂಥದ್ದು ಏನಾದರೂ ಹೇಳಿ. ಬಾಗಿಲಿಗೆ ಹಾಕುವ ಹಸಿರು ಬಳೆಗೆ (ಕ್ರಿಸ್‌ಮಸ್ ರೀತ್) ಒಣಗಿಸಿದ ಕಿತ್ತಳೆ ಬಿಲ್ಲೆ ಕಟ್ಟಬೇಕು ಅಂತ ಇದೆ. ನಮ್ಮ ಕಿತ್ತಳೆ ಕೊಯ್ದರೆ ಎಲ್ಲ ಕಳಚಿ ಬೀಳ್ತಾ ಇದೆ.

ತೋಟದಂಚು · ಸುಂಟಿಕೊಪ್ಪ

ಕಳಚಿ ಬೀಳಲೇಬೇಕು ತಂಗಿ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ತೊಳೆಗೂ ಸಿಪ್ಪೆಗೂ ಅಂಟೇ ಇಲ್ಲ. ತಿನ್ನಲು ಅದೇ ಅದರ ಹೆಚ್ಚುಗಾರಿಕೆ, ಬಿಲ್ಲೆಗೆ ಅದೇ ಶಾಪ. ಬಿಲ್ಲೆಗೆ ಮೂಸಂಬಿ ತೊಗೊಳ್ಳಿ: 5 ಮಿ.ಮೀ. ದಪ್ಪ, ಬಟ್ಟೆಯಲ್ಲಿ ಒತ್ತಿ ರಸ ತೆಗೆದು, ಓವನ್‌ನಲ್ಲಿ 100 ಡಿಗ್ರಿಗೆ ಮೂರರಿಂದ ನಾಲ್ಕು ಗಂಟೆ, ಅರ್ಧ ಗಂಟೆಗೊಮ್ಮೆ ತಿರುವಿ. 120ಕ್ಕೆ ಏರಿಸಿದರೆ ಸಕ್ಕರೆ ಸುಟ್ಟು ಕಂದಾಗುತ್ತದೆ. ನಡುವೆ ಮುಟ್ಟಿದರೆ ಅಂಟಬಾರದು, ಅಂಟಿದರೆ ನಮ್ಮ ಮಂಜಿನಲ್ಲಿ ನಾಲ್ಕನೇ ದಿನಕ್ಕೆ ಬೂಷ್ಟು. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಬಿಸಾಡಬೇಡಿ, ನಕ್ಷತ್ರದಾಕಾರಕ್ಕೆ ಕತ್ತರಿಸಿ ಎರಡು ಪುಸ್ತಕದ ನಡುವೆ ಕಾಗದ ಹಾಕಿ ಒಣಗಿಸಿದರೆ ಅದೂ ಅಲಂಕಾರವೇ.

ಬಳೆಗೆ ಕಾಳುಮೆಣಸಿನ ಬುಡದಲ್ಲಿ ನೆಲಕ್ಕೆ ಹಬ್ಬುವ ಬಳ್ಳಿ ಸಾಕು, ಹೇಗೂ ಅದನ್ನು ತೆಗೆಯುತ್ತೀರಿ. ಹಸಿಯಿದ್ದಾಗಲೇ ಒಂದಡಿ ಅಗಲಕ್ಕೆ ನಾಲ್ಕೈದು ಸುತ್ತು ಹೆಣೆದು ಬಾಳೆನಾರಿನಲ್ಲಿ ಕಟ್ಟಿ. ಒಣಗಿದರೆ ಸಡಿಲವಾಗುತ್ತದೆ, ಹತ್ತು ದಿನ ಬಿಟ್ಟು ನಾರು ಮತ್ತೆ ಬಿಗಿದು ಆಮೇಲೆ ಅಲಂಕಾರ. ಸಿಲ್ವರ್ ಓಕ್ ಎಲೆಯ ಬೆಳ್ಳಿ ಬೆನ್ನು ಹೊರಗೆ ಮಾಡಿ ಸಿಕ್ಕಿಸಿ, ಒಣಗಿದರೂ ಬಣ್ಣ ಹೋಗದು. ಹಸಿರೆಲೆ ಮೆತ್ತಗೇ ಇರಬೇಕೆಂದರೆ ಒಂದು ಪಾಲು ಗ್ಲಿಸರಿನ್, ಎರಡು ಪಾಲು ಬಿಸಿನೀರು, ಅದರಲ್ಲಿ ರೆಂಬೆಯ ಬುಡ ಓರೆ ಕತ್ತರಿಸಿ ನಿಲ್ಲಿಸಿ. ಎರಡು ಮೂರು ವಾರ ಹಿಡಿಯುತ್ತದೆ, ಸಂಜೆಯ ಕೆಲಸವಲ್ಲ.

ಒಂದು ಸಂಜೆಗೆ ನಿಜವಾಗಿ ಆಗುವುದು ಬೆಲ್ಲ ಕಾಪಿ ಡಬ್ಬಿ. ನಮ್ಮ ಮನೆಗಳಲ್ಲಿ ಮೊದಲಿಂದ ಕುಡಿಯುವ ಹಾಲಿಲ್ಲದ ಕಾಪಿಗೆ ಈಗ ವೀಗನ್ ಅಂತ ಹೊಸ ಹೆಸರು ಬಂತು, ಅಷ್ಟೇ. ಇಪ್ಪತ್ತು ಲೋಟಕ್ಕೆ ಚಿಕೋರಿ ಇಲ್ಲದ ಕಾಫಿ ಪುಡಿ 160 ಗ್ರಾಂ, ಬೆಲ್ಲದ ಪುಡಿ 300 ಗ್ರಾಂ, ಒಣಶುಂಠಿ ಪುಡಿ 10 ಗ್ರಾಂ, ಕಾಳುಮೆಣಸಿನ ಪುಡಿ 5, ಏಲಕ್ಕಿ ಬೀಜದ ಪುಡಿ 5. ಕಾಫಿ, ಬೆಲ್ಲ, ಒಟ್ಟು ಬೆರೆಸಿದ ಮಸಾಲೆ ಮೂರನ್ನೂ ಬೇರೆ ಬೇರೆ ಪೊಟ್ಟಣ ಮಾಡಿ ಒಂದೇ ಡಬ್ಬಿಯಲ್ಲಿ ಇಡಿ. ಗಾಜಿನ ಬಾಟ್ಲಿಯಲ್ಲಿ ಪದರ ಪದರ ಹಾಕುವುದು ಚಿತ್ರಕ್ಕೆ ಚೆಂದ, ಆದರೆ ಬೆಲ್ಲ ತೇವ ಎಳೆದು ಕಾಫಿಯನ್ನು ಮುದ್ದೆ ಮಾಡುತ್ತದೆ. ಬೆಲ್ಲವನ್ನು ತುರಿದು ತೆಳ್ಳಗೆ ಹರವಿ ಓವನ್‌ನಲ್ಲಿ 60 ಡಿಗ್ರಿಗೆ ಒಂದು ಗಂಟೆ ಒಣಗಿಸಿ, ಆರಿದ ಮೇಲೆ ಪುಡಿ ಮಾಡಿ. ಚೀಟಿಯಲ್ಲಿ ಬರೆಯಿರಿ: ಲೋಟಕ್ಕೆ 150 ಮಿ.ಲೀ. ನೀರು, ಬೆಲ್ಲ 15 ಗ್ರಾಂ, ಮಸಾಲೆ ಅರ್ಧ ಚಮಚಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ ಕುದಿಸಿ, ಇಳಿಸಿ ಕಾಫಿ ಪುಡಿ 8 ಗ್ರಾಂ ಹಾಕಿ ಮುಚ್ಚಿಡಿ, ನಾಲ್ಕು ನಿಮಿಷಕ್ಕೆ ಸೋಸಿ.

ಮಂಜಿನೂರು · ಮಡಿಕೇರಿ

‘ಸ್ವಲ್ಪ ಜಾಸ್ತಿ’ ಅಂದಿರಿ. ನಿಮಗೆ ಕಾಪಿ ಇಲ್ಲ.

ತೋಟದಂಚು · ಸುಂಟಿಕೊಪ್ಪ

1 ಗ್ರಾಂ. ಸಾಕಾ?

ಸೋಪಿನಪಾಕ · ವಿರಾಜಪೇಟೆ

ತುಟಿ ಮುಲಾಮು ಕೇಳಿ ಇಬ್ಬರು ಸಂದೇಶ ಕಳಿಸಿದ್ದಾರೆ, ಇಲ್ಲೇ ಹಾಕುತ್ತೇನೆ. ಜೇನುಮೇಣದ ಬದಲು ಕ್ಯಾಂಡೆಲಿಲ್ಲಾ ಮೇಣ, ಅದು ಗಿಡದ್ದು. ಜೇನುಮೇಣದ ಅಳತೆಯನ್ನೇ ಇದಕ್ಕೂ ಹಾಕಿದರೆ ಮುಲಾಮು ಉಗುರಿಗೂ ಬಾರದಷ್ಟು ಗಟ್ಟಿ. ಹೆಚ್ಚುಕಡಿಮೆ ಅರ್ಧ ಸಾಕು. 100 ಗ್ರಾಂಗೆ: ಕ್ಯಾಂಡೆಲಿಲ್ಲಾ 15, ಮುರುಗಲ ತುಪ್ಪ 25, ಕೊಬ್ಬರಿ ಎಣ್ಣೆ 40, ಹರಳೆಣ್ಣೆ 20. ಮುರುಗಲ ತುಪ್ಪ ಹೆಸರಿಗೆ ತುಪ್ಪ, ಪುನರ್ಪುಳಿ ಬೀಜದ ಎಣ್ಣೆ ಅದು. ಮೇಣ ಸುಮಾರು 70 ಡಿಗ್ರಿಗೆ ಕರಗುತ್ತದೆ, ಅದನ್ನು ಮೊದಲು ಕರಗಿಸಿ, ಉಳಿದದ್ದು ಆಮೇಲೆ. ಒಂದು ಹನಿ ನೀರೂ ಬೀಳಬಾರದು. ಬಿಸಿಯಿರುವಾಗಲೇ 10 ಗ್ರಾಂ ಡಬ್ಬಿಗಳಿಗೆ ಹೊಯ್ದು ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ. ನಿಧಾನಕ್ಕೆ ಆರಿದರೆ ತುಪ್ಪ ಹರಳುಗಟ್ಟಿ ರವೆ ರವೆಯಾಗುತ್ತದೆ. ಹಾಗಾದರೆ ಮತ್ತೆ ಕರಗಿಸಿ ಬೇಗ ಆರಿಸಿ, ಸರಿಹೋಗುತ್ತದೆ. ನಿಂಬೆ ಎಣ್ಣೆ ಹಾಕಬೇಡಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ದಾಲ್ಚಿನ್ನಿ, ಲವಂಗದ ಎಣ್ಣೆ ತುಟಿಗೆ ಉರಿ.

ಬಣ್ಣದಬಾನಿ · ಕುಶಾಲನಗರ

ಮನೆಯಲ್ಲೇ ಚಾಕೊಲೇಟ್ ಹೊಯ್ದು ಕೊಡುವವರಿಗೆ ಒಂದೇ ಮಾತು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ ಅಂತ ವೀಗನ್ ಅಂದುಕೊಳ್ಳಬೇಡಿ. ಹಸಿರು ಚುಕ್ಕೆ ಸಸ್ಯಾಹಾರ ಅನ್ನುತ್ತದೆ, ಹಾಲು-ಜೇನಿಗೆ ಅಡ್ಡಿಯಿಲ್ಲ. ವೀಗನ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2022ರ ನಿಯಮದಲ್ಲಿ ಬೇರೆಯೇ ಗುರುತು ತಂದಿದೆ, ವಿ ಅಕ್ಷರದ ಮೇಲೆ ಎಲೆ. ‘ಡಾರ್ಕ್ ಕಾಂಪೌಂಡ್’ ಗಟ್ಟಿಗಳಲ್ಲಿ ಹಾಲಿನ ಪುಡಿ ಇರುವುದು ಮಾಮೂಲು, ಹಿಂದಿನ ಸಣ್ಣ ಅಕ್ಷರ ಓದಿ.

ಅಡಿಕೆಹಾಳೆ · ಸಂಪಾಜೆ

ಎಲ್ಲ ಮಾಡಿ ಕೊನೆಗೆ ಥರ್ಮಾಕೋಲ್‌ನಲ್ಲಿ ತುಂಬುತ್ತೀರಾ? ಅಡಿಕೆ ಹಾಳೆ ಇದೆ. ತೋಟದಲ್ಲಿ ಈಚೆಗೆ ಬಿದ್ದ, ಕಪ್ಪು ಚುಕ್ಕೆ ಬಾರದ ಹಾಳೆ ತೊಳೆದು ಅರ್ಧ ಗಂಟೆ ನೀರಲ್ಲಿ ನೆನೆಸಿ. ಒಂದಡಿಗೆ ಮುಕ್ಕಾಲಡಿ ಅಳತೆಗೆ ಕತ್ತರಿಸಿ, ನಾಲ್ಕು ಮೂಲೆ ಒಳಗೆ ಮಡಿಸಿ ಬಿದಿರು ಕಡ್ಡಿ ಚುಚ್ಚಿ ತಟ್ಟೆ ಮಾಡಿ. ನಾರಿನ ಉದ್ದಕ್ಕೆ ಮಡಿಸಿದರೆ ಸೀಳುತ್ತದೆ, ನಾರಿಗೆ ಅಡ್ಡ ಬರುವ ಮಡಿಕೆಯನ್ನು ಮೊದಲು ಬೆರಳಿನಲ್ಲಿ ತಿಕ್ಕಿ ಮೆತ್ತಗೆ ಮಾಡಿಕೊಳ್ಳಿ. ಒಳಗೆ ಇಟ್ಟಿಗೆ ಇಟ್ಟು ಎರಡು ಬಿಸಿಲು ಒಣಗಿಸಿ, ಇಲ್ಲದಿದ್ದರೆ ಮೂಲೆ ಎದ್ದು ನಿಲ್ಲುತ್ತದೆ. ಪೂರ್ತಿ ಒಣಗದೆ ಸೋಪು ತುಂಬಿದರೆ ಹಾಳೆಯ ಬೂಷ್ಟು ಸೋಪಿನ ಕಾಗದಕ್ಕೂ ಹತ್ತುತ್ತದೆ.

ಹೊಸಬಳು · ಗೋಣಿಕೊಪ್ಪ

ಬೆಂಗಳೂರಿಗೆ ಬಸ್ ಪಾರ್ಸೆಲ್‌ನಲ್ಲಿ ಕಳಿಸಿದರೆ ಗಾಜಿನ ಬತ್ತಿ ಉಳಿಯುತ್ತಾ ಅಣ್ಣ?

ಅಡಿಕೆಹಾಳೆ · ಸಂಪಾಜೆ

ಉಳಿಯುತ್ತದೆ. ಒಣಗಿದ ಬಾಳೆ ತರಗನ್ನು ಉಂಡೆ ಮಾಡಿ ಲೋಟದ ಸುತ್ತ ಎರಡು ಇಂಚು ಒತ್ತಿ ತುಂಬಿ, ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು. ಲೋಟ ಮಲಗಿಸಬೇಡಿ, ಮೇಲ್ಭಾಗ ಯಾವುದೆಂದು ಬಾಣ ಬರೆಯಿರಿ. ರಾತ್ರಿ ಬಸ್ಸಿಗೆ ಹಾಕಿ. ಸೋಯಾ ಮೇಣ 50 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಹಗಲು ಬಸ್ಸಿನ ಡಿಕ್ಕಿಯಲ್ಲಿ ಬಿಸಿಲಿಗೆ ನಿಂತರೆ ಅಲ್ಲೇ ಕರಗಿ ಓರೆಯಾಗಿ ಹೆಪ್ಪುಗಟ್ಟುತ್ತದೆ. ತುಟಿ ಮುಲಾಮನ್ನು ಅದೇ ಪೆಟ್ಟಿಗೆಯ ತಳಕ್ಕೆ ಹಾಕಿ, ಇಂಜಿನ್ ಕಡೆ ಇಡಬೇಡಿ ಅಂತ ಕಂಡಕ್ಟರ್‌ಗೆ ಒಂದು ಮಾತು ಹೇಳಿ.